ಗಂಟಿನೊಳಗಿನ ಕೆಂಪು: ಹೊಲದಲ್ಲಿ ಕಸ ತೆಗೆಯುವ ಅಕ್ಕ-ತಂಗಿಯರಿಗೆ ಬಹಿರಂಗ ಪತ್ರ

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶೇಂಗಾ, ಸೋಯಾ, ಹೆಸರು, ಅಲಸಂದಿ ಹೊಲಗಳಲ್ಲಿ ಕುರ್ಚಿಗೆ ಹಿಡಿದು ಕಸ ತೆಗೆಯುವ ಅವ್ವಂದಿರಿಗೆ, ಅಕ್ಕ-ತಂಗಿಯರಿಗೆ,

ಈ ಪತ್ರ ಹೊಲದ ಯಜಮಾನರಿಗೂ ಸಲ್ಲುತ್ತದೆ, ಆದರೆ ಮೊದಲು ನಿಮಗೆ. ಬೀಜ ತರುವವರು, ಕೂರಿಗೆ ಹೂಡುವವರು, ಔಷಧ ಹೊಡೆಯುವವರು ಬೆಳೆಯನ್ನು ಮೇಲಿನಿಂದ ನೋಡುತ್ತಾರೆ. ಬಿತ್ತಿದ ಮೂವತ್ತು ನಲವತ್ತು ದಿನಕ್ಕೆ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಕುಕ್ಕರಗಾಲಲ್ಲಿ ಕೂತು, ಬೆಳೆಯ ಬುಡ ಕೆದಕುತ್ತ ಮುಂದೆ ಸರಿಯುವವರು ಹೆಂಗಸರು. ಎಷ್ಟೇ ಜೋಪಾನ ಮಾಡಿದರೂ ಕಸದ ಜೊತೆ ಒಂದೆರಡು ಶೇಂಗಾ ಗಿಡ, ನಾಲ್ಕು ಸೋಯಾ ಗಿಡ ಕಿತ್ತು ಬರುತ್ತವೆ. ಬದುವಿನ ಮೇಲೆ ಎಸೆಯುವ ಆ ಗಿಡದ ಬೇರೇ ಈ ಪತ್ರದ ವಿಷಯ. ಇಡೀ ಹಂಗಾಮಿನಲ್ಲಿ ಬೆಳೆಯ ಬೇರನ್ನು ಕಣ್ಣಾರೆ ಕಾಣುವವರು ನೀವೊಬ್ಬರೇ.

ಎಸೆಯುವ ಮುನ್ನ ಆ ಬೇರನ್ನು ಒಮ್ಮೆ ಕೊಡವಿ ನೋಡಿ. ಸಾಸಿವೆ ಕಾಳಿನಿಂದ ಹಿಡಿದು ಜೋಳದ ಕಾಳಿನಷ್ಟು ದಪ್ಪದ ಗಂಟುಗಳು ಅಂಟಿಕೊಂಡಿರುತ್ತವೆ. ಸೋಯಾದಲ್ಲಿ ತಾಯಿಬೇರಿನ ಸುತ್ತ ಒತ್ತಾಗಿ, ಶೇಂಗಾದಲ್ಲಿ ಬೇರು ಕವಲೊಡೆಯುವ ಸಂದಿಗಳಲ್ಲಿ. ಇದನ್ನು ರೋಗವೆಂದು ತಿಳಿದವರೂ ಇದ್ದಾರೆ. ರೋಗದ ಗಂಟು ಬೇರೆ. ಜಂತುಹುಳು ಹೊಕ್ಕರೆ ಬೇರೇ ಊದಿಕೊಳ್ಳುತ್ತದೆ, ಉಜ್ಜಿದರೆ ಉದುರುವುದಿಲ್ಲ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಮಣಿ ಪೋಣಿಸಿದಂತೆ ಕೂತಿರುತ್ತದೆ, ಬೆರಳಿಂದ ಉಜ್ಜಿದರೆ ಕಳಚಿ ಕೈಗೆ ಬರುತ್ತದೆ. ಅದನ್ನು ಉಗುರಿನಿಂದ ಸೀಳಿ.

ಒಳಗೆ ಗುಲಾಬಿಯೋ ರಕ್ತಗೆಂಪೋ ಕಂಡರೆ ಆ ಗಂಟು ದುಡಿಯುತ್ತಿದೆ. ಬಿಳಿಯಿದ್ದರೆ ಇನ್ನೂ ಎಳೆಯದು, ಇಲ್ಲವೇ ದುಡಿಮೆ ಹಿಡಿದಿಲ್ಲ. ಹಸಿರಾಗಿದ್ದರೆ ಅದರ ದುಡಿಮೆ ಮುಗಿದಿದೆ. ಉಗುರಿಗೆ ಅಂಟುವ ಆ ಕೆಂಪು ನಮ್ಮ ನಿಮ್ಮ ಮೈಯ ನೆತ್ತರಿನ ಬಣ್ಣವೇ. ಮಾತಿನ ಅಲಂಕಾರಕ್ಕೆ ಹೇಳಿದ್ದಲ್ಲ. 1939ರಲ್ಲಿ ಜಪಾನಿನ ವಿಜ್ಞಾನಿ ಕುಬೊ, ಸೋಯಾ ಬೇರಿನ ಗಂಟಿನಲ್ಲಿರುವ ಕೆಂಪು ಪದಾರ್ಥ ಹೀಮೋಗ್ಲೋಬಿನ್ನಿನ ಕುಲದ್ದೆಂದು ಗುರುತಿಸಿದರು. ಬಸುರಿಯರಿಗೆ ಆಸ್ಪತ್ರೆಯಲ್ಲಿ ಕಬ್ಬಿಣದ ಗುಳಿಗೆ ಕೊಡುವುದು ಯಾವ ಹೀಮೋಗ್ಲೋಬಿನ್ನಿಗಾಗಿಯೋ ಅದರದೇ ತಂಗಿ. ಅದರ ನಡುವೆಯೂ ಕಬ್ಬಿಣ, ಇದರ ನಡುವೆಯೂ ಕಬ್ಬಿಣ.

ಗಿಡಕ್ಕೆ ರಕ್ತ ಯಾಕೆ ಬೇಕಾಯಿತು? ಅದಕ್ಕೆ ಗಂಟಿನೊಳಗೆ ನಡೆಯುವ ಕೆಲಸ ತಿಳಿಯಬೇಕು.

ಗಾಳಿಯ ನೂರು ಪಾಲಿನಲ್ಲಿ ಎಪ್ಪತ್ತೆಂಟು ಪಾಲು ಸಾರಜನಕ. ಹೊಲದ ಮೇಲೆ, ಮನೆಯೊಳಗೆ, ಮೂಗಿನ ತುದಿಯಲ್ಲಿ ಎಲ್ಲೆಲ್ಲೂ ಅದೇ. ಆದರೆ ಬೆಳೆಗೆ ಅದು ಉಣ್ಣಲು ಬಾರದು. ಎರಡೆರಡು ಪರಮಾಣುಗಳು ಮೂರು ಪಟ್ಟು ಬಿಗಿಯಾಗಿ ಹೆಣೆದುಕೊಂಡಿರುತ್ತವೆ, ಆ ಬಿಗಿ ಬಿಚ್ಚಿದರೆ ಮಾತ್ರ ಅದು ಅಮೋನಿಯಾ ಆಗಿ ಗಿಡದ ಊಟವಾಗುತ್ತದೆ. ಯೂರಿಯಾ ಕಾರ್ಖಾನೆಯಲ್ಲಿ ಈ ಬಿಚ್ಚುವ ಕೆಲಸಕ್ಕೆ ನಾನೂರು ಐನೂರು ಡಿಗ್ರಿ ಕಾವು ಬೇಕು, ಹೊರಗಿನ ಗಾಳಿಗಿಂತ ನೂರೈವತ್ತು ಇನ್ನೂರು ಪಟ್ಟು ಒತ್ತಡ ಬೇಕು. ಜರ್ಮನಿಯ ಫ್ರಿಟ್ಜ್ ಹೇಬರ್ ಪ್ರಯೋಗಾಲಯದಲ್ಲಿ ಸಾಧಿಸಿದ್ದನ್ನು ಕಾರ್ಲ್ ಬಾಷ್ 1913ರಲ್ಲಿ ಓಪ್ಪಾವು ಎಂಬಲ್ಲಿ ಕಾರ್ಖಾನೆಗೆ ತಂದರು. ಅಲ್ಲಿಯೂ ಲೋಹವೇ ಮುಂದೆ ನಿಂತಿತು. ಹೇಬರ್ ಮೊದಲು ಬಳಸಿದ್ದು ಆಸ್ಮಿಯಂ ಎಂಬ ದುಬಾರಿ ಲೋಹ. ಬಾಷ್ ಅವರ ಜೊತೆಗಾರ ಮಿಟಾಷ್ ಸಾವಿರಾರು ಪದಾರ್ಥಗಳನ್ನು ಪರೀಕ್ಷಿಸಿ ಕೊನೆಗೆ ಕಬ್ಬಿಣದ ಅದಿರಿಗೆ ಬಂದು ನಿಂತರು. ಇಂದು ನಿಮ್ಮ ಊರಿನ ಸೊಸೈಟಿಗೆ ಬರುವ 45 ಕಿಲೋ ಯೂರಿಯಾ ಚೀಲದ ಹಿಂದೆಯೂ ಕಬ್ಬಿಣದ ಹರಳುಗಳ ಮೇಲೆ ಹಾಯ್ದುಬಂದ ಗಾಳಿ ಇದೆ.

ಆ ಚೀಲದ ಬೆಲೆ ಹಾವೇರಿ ಜಿಲ್ಲೆಗೆ ರೂಪಾಯಿಯಲ್ಲಿ ಮಾತ್ರ ಗೊತ್ತಿಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಿ ಹಾವೇರಿ ಪೇಟೆಯಲ್ಲಿ ಬೀದಿಗಿಳಿದ ರೈತರ ಮೇಲೆ ಪೊಲೀಸರ ಗುಂಡು ಹಾರಿತು. ಇಬ್ಬರು ರೈತರ ಜೀವ ಹೋಯಿತು. ಬಿತ್ತನೆಯ ಹೊತ್ತು, ಭೂಮಿ ಹದಕ್ಕೆ ಬಂದಿತ್ತು, ಗೊಬ್ಬರ ಬಂದಿರಲಿಲ್ಲ. ಈ ಜಿಲ್ಲೆಯಲ್ಲಿ ಸಾರಜನಕದ ಮಾತೆತ್ತಿದವರು ಆ ದಿನವನ್ನು ಮರೆತು ಮಾತಾಡಬಾರದು.

ಈಗ ಗಂಟಿಗೆ ಬನ್ನಿ. ಕಾರ್ಖಾನೆ ಅಷ್ಟು ಕಾವಿನಲ್ಲಿ ಮಾಡುವ ಕೆಲಸವನ್ನು ಶೇಂಗಾ ಬೇರಿನ ಗಂಟೊಳಗಿನ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ಜುಲೈ ತಿಂಗಳ ತಣ್ಣನೆಯ ಮಣ್ಣಿನಲ್ಲಿ, ಯಾವ ಒತ್ತಡವೂ ಇಲ್ಲದೆ ಮಾಡುತ್ತದೆ. ಅದರ ಬಳಿ ನೈಟ್ರೋಜಿನೇಸ್ ಎಂಬ ಕಿಣ್ವವಿದೆ. ಕಿಣ್ವವೆಂದರೆ ಪ್ರೋಟೀನು, ಅಂದರೆ ನಾವು ತಿನ್ನುವ ಬೇಳೆಯ ಜಾತಿಯದೇ ವಸ್ತು. ಆದರೆ ಬರಿಯ ಪ್ರೋಟೀನಿಗೆ ಸಾರಜನಕದ ಬಿಗಿ ಬಿಚ್ಚುವ ತಾಕತ್ತಿಲ್ಲ. ಕಮ್ಮಾರನ ಇಕ್ಕಳಕ್ಕೆ ಹಿಡಿ ಕಟ್ಟಿಗೆಯದಾದರೂ ಬಾಯಿ ಲೋಹದ್ದೇ ಆಗಬೇಕಲ್ಲ, ಹಾಗೆ ಇದರ ಬಾಯಿಯೂ ಲೋಹದ್ದು. ಕಿಣ್ವದ ದೊಡ್ಡ ಭಾಗದಲ್ಲಿ 30 ಕಬ್ಬಿಣದ ಪರಮಾಣುಗಳಿವೆ, ಗಂಧಕದ ಜೊತೆ ಗೂಡು ಕಟ್ಟಿ ಕೂತಿವೆ. ಅವುಗಳ ನಡುವೆ ಎರಡೇ ಎರಡು ಪರಮಾಣು ಮಾಲಿಬ್ಡಿನಂ. ಪಕ್ಕಕ್ಕೆ ಬಂದು ತಾಗಿ ಹೋಗುವ ಸಣ್ಣ ಭಾಗದಲ್ಲಿ ಮತ್ತೆ ನಾಲ್ಕು ಕಬ್ಬಿಣ. ಸಣ್ಣದು ಒಂದೊಂದೇ ಇಲೆಕ್ಟ್ರಾನು ತಂದುಕೊಡುತ್ತದೆ, ದೊಡ್ಡದು ಎಂಟು ಕೂಡಿಹಾಕಿ ಒಂದು ಸಾರಜನಕದ ಜೋಡಿಯನ್ನು ಬಿಡಿಸುತ್ತದೆ. ಈ ಲೋಹದ ಗೂಡಿನ ಆಕಾರ ಕಣ್ಣಿಗೆ ಬಿದ್ದದ್ದು 1992ರಲ್ಲಿ, ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಡಗ್ಲಸ್ ರೀಸ್ ಮತ್ತು ಜೊಂಗ್‌ಸುನ್ ಕಿಮ್ ಅವರಿಗೆ. ಗೂಡಿನ ನಟ್ಟನಡುವೆ ಕೂತಿರುವುದು ಒಂದು ಇಂಗಾಲದ ಪರಮಾಣು ಎಂದು ಖಚಿತವಾಗಲು 2011ರ ತನಕ ಕಾಯಬೇಕಾಯಿತು. ಕಿಣ್ವ ಸಾರಜನಕದ ಬಿಗಿ ಬಿಚ್ಚುವ ಗಳಿಗೆಯಲ್ಲಿ ಯಾವ ಪರಮಾಣು ಏನು ಮಾಡುತ್ತದೆ ಎಂಬ ವಾದ ಇವತ್ತಿಗೂ ಮುಗಿದಿಲ್ಲ.

ಈ ಯಂತ್ರಕ್ಕೆ ಎರಡು ಕಷ್ಟಗಳು. ಒಂದು, ಅದರ ಹಸಿವು. ಒಂದು ಜೋಡಿ ಸಾರಜನಕ ಬಿಡಿಸಲು ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿ 16 ಖರ್ಚಾಗುತ್ತವೆ. ಅದನ್ನು ಗಿಡ ಎಲೆಯಲ್ಲಿ ಬೇಯಿಸಿದ ಸಕ್ಕರೆಯಿಂದ ತೆರುತ್ತದೆ. ಆದ್ದರಿಂದಲೇ ಬಿತ್ತುವಾಗ ಯೂರಿಯಾ ಕೈತುಂಬ ಚೆಲ್ಲಿದರೆ ಗಿಡ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಸುಮ್ಮನೆ ಸಿಗುವಾಗ ಸಕ್ಕರೆ ಯಾಕೆ ಕೊಡಬೇಕು ಎಂದು ಗಿಡದ ಲೆಕ್ಕ. ಇನ್ನೊಂದು ಕಷ್ಟ ಆಮ್ಲಜನಕ. ಅದು ತಾಗಿದರೆ ಕಬ್ಬಿಣ-ಗಂಧಕದ ಗೂಡು ಕೆಟ್ಟುಹೋಗುತ್ತದೆ. ಆದರೆ ಉಸಿರಾಡದೆ ಸೂಕ್ಷ್ಮಜೀವಿಗೆ ಶಕ್ತಿಯಿಲ್ಲ. ಆಮ್ಲಜನಕ ಬೇಕು, ಆದರೆ ತಾಗಬಾರದು. ಈ ಇಕ್ಕಟ್ಟಿಗೆ ಗಿಡ ಕಂಡುಕೊಂಡ ಉಪಾಯವೇ ನಿಮ್ಮ ಉಗುರಿಗೆ ಅಂಟಿದ ಆ ಕೆಂಪು. ಲೆಗ್‌ಹೀಮೋಗ್ಲೋಬಿನ್ ಎಂಬ ಈ ಕೆಂಪು ಪದಾರ್ಥ ತನ್ನ ಕಬ್ಬಿಣದಿಂದ ಆಮ್ಲಜನಕವನ್ನು ಹಿಡಿದು, ಚಮಚೆಯಲ್ಲಿ ಔಷಧ ಕುಡಿಸಿದಂತೆ, ಬೇಕಾದಷ್ಟೇ ಒಳಗೆ ತಲುಪಿಸುತ್ತದೆ. ಕೆಂಪಿಲ್ಲದ ಗಂಟಿನಲ್ಲಿ ಕೆಲಸವಿಲ್ಲ.

ಕಬ್ಬಿಣ ಎಲ್ಲರಿಗೂ ಗೊತ್ತು. ಮಾಲಿಬ್ಡಿನಂ ಎಂಬ ಹೆಸರನ್ನು ನಿಮ್ಮಲ್ಲಿ ಬಹುಮಂದಿ ಮೊದಲ ಸಲ ಕೇಳುತ್ತಿರಬಹುದು. ಈ ಪತ್ರ ಬರೆಯಬೇಕಾಗಿ ಬಂದದ್ದೇ ಅದಕ್ಕಾಗಿ.

1930ರಲ್ಲಿ ಜರ್ಮನಿಯ ಹರ್ಮನ್ ಬೋರ್ಟೆಲ್ಸ್, ಮಣ್ಣಿನಲ್ಲಿ ಒಂಟಿಯಾಗಿ ಬದುಕುವ ಅಜೋಟೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಗೆ ಗಾಳಿಯ ಸಾರಜನಕ ಹಿಡಿಯಲು ಮಾಲಿಬ್ಡಿನಂ ಬೇಕೆಂದು ತೋರಿಸಿದರು. ಅದು ಸಿಗದಾಗ ವನೇಡಿಯಂ ಎಂಬ ಇನ್ನೊಂದು ಲೋಹದಿಂದಲೂ ಒಂದಿಷ್ಟು ಕೆಲಸ ಸಾಗುತ್ತದೆಂದೂ ಆಮೇಲೆ ತಿಳಿಯಿತು. ನಮ್ಮ ಶೇಂಗಾ, ಸೋಯಾ ಗಂಟುಗಳ ರೈಜೋಬಿಯಂಗೆ ಆ ಸೌಲಭ್ಯವಿಲ್ಲ. ಅದಕ್ಕೆ ಮಾಲಿಬ್ಡಿನಮ್ಮೇ ಬೇಕು. ಇಷ್ಟೆಲ್ಲ ಪ್ರಯೋಗಾಲಯದ ಮಾತಾಯಿತು. ಹೊಲಕ್ಕೆ ಆ ಲೋಹವನ್ನು ಇಳಿಸಿದ್ದು ಕಟ್ಟಿಗೆಯ ಬೂದಿ.

ದಕ್ಷಿಣ ಆಸ್ಟ್ರೇಲಿಯಾದ ಗುಡ್ಡಗಾಡಿನಲ್ಲಿ ಕಬ್ಬಿಣಕಲ್ಲಿನ ಕೆಂಪು ನೆಲವಿತ್ತು. ಕುರಿ ಮೇಯಿಸಲು ಅಲ್ಲಿ ಕ್ಲೋವರ್ ಎಂಬ ಮೇವು ಬಿತ್ತುತ್ತಿದ್ದರು. ಅದೂ ನಮ್ಮ ಹೆಸರು, ಮಡಿಕೆಯಂತೆ ಬೇರಿಗೆ ಗಂಟು ಕಟ್ಟುವ ಜಾತಿಯೇ. ರಂಜಕ ಕೊಟ್ಟರೂ ಅದು ಬಡಕಲಾಗಿಯೇ ಉಳಿಯುತ್ತಿತ್ತು. ಎ. ಜೆ. ಆಂಡರ್ಸನ್ ಎಂಬ ಕೃಷಿ ವಿಜ್ಞಾನಿ ಅಲ್ಲಿ ಪ್ರಯೋಗ ನಡೆಸುವಾಗ ಕಟ್ಟಿಗೆಯ ಬೂದಿ ಹಾಕಿದ ಕಡೆ ಬೆಳೆ ಎದ್ದು ನಿಂತಿತು. ಬೂದಿಯಲ್ಲಿ ಇರುವುದೇನು ಎಂದು ಅವರು ಒಂದೊಂದೇ ಧಾತುವನ್ನು ಬೇರೆಬೇರೆಯಾಗಿ ಹಾಕಿ ನೋಡಿದರು. ಉತ್ತರ ಮಾಲಿಬ್ಡಿನಂ. ಎಕರೆಗೆ ಹಿಡಿಯಷ್ಟೂ ಬೇಡ, ಚಿಟಿಕೆಗಳ ಲೆಕ್ಕದಲ್ಲಿ ಕೊಟ್ಟರೆ ಸಾಕಾಗಿತ್ತು. 1942ರಲ್ಲಿ ಅವರು ಇದನ್ನು ಪ್ರಕಟಿಸಿದ ಮೇಲೆ ಆಸ್ಟ್ರೇಲಿಯಾದ ಹುಲ್ಲುಗಾವಲುಗಳಲ್ಲಿ ಸೂಪರ್ ಫಾಸ್ಫೇಟಿನ ಜೊತೆ ಅದನ್ನು ಬೆರೆಸಿ ಚೆಲ್ಲುವುದು ರೂಢಿಗೆ ಬಂತು.

ನಮ್ಮ ಕಡೆಯೂ ಒಲೆಯ ಬೂದಿ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆ ಹೊಲಕ್ಕೆ ಹೋಗುತ್ತಿತ್ತು. ಬೂದಿಯನ್ನು ತಿಪ್ಪೆಗೆ ಹೊತ್ತವರೂ ಹೆಂಗಸರೇ. ಈಗ ಮನೆಮನೆಗೆ ಗ್ಯಾಸ್ ಬಂದಿದೆ, ಹೊಗೆ ಕಡಿಮೆಯಾಗಿದೆ, ಕಣ್ಣು ಎದೆ ಉಳಿದಿವೆ. ಅದು ಬಂದದ್ದು ಒಳ್ಳೆಯದೇ ಆಯಿತು, ಯಾರೂ ಮತ್ತೆ ಹೊಗೆಯೊಲೆಗೆ ಮರಳಬೇಕಿಲ್ಲ. ಆದರೆ ಬೂದಿಯ ಜೊತೆ ಹೊಲಕ್ಕೆ ಸದ್ದಿಲ್ಲದೆ ಹೋಗುತ್ತಿದ್ದ ಲೋಹದ ಕಣಗಳ ದಾರಿ ಮುಚ್ಚಿದೆ. ದನ ಕಡಿಮೆಯಾಗಿ ತಿಪ್ಪೆಯೂ ಸಣ್ಣದಾಗಿದೆ. ಚೀಲದ ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಇರುತ್ತವೆ, ಈ ಕಣಗಳು ಇರುವುದಿಲ್ಲ. ಅದರ ಮೇಲೆ ಗೋವಿನಜೋಳ. ರಾಜ್ಯದಲ್ಲಿ ಅದನ್ನು ಹೆಚ್ಚು ಬೆಳೆಯುವ ಜಿಲ್ಲೆಗಳ ಸಾಲಿನಲ್ಲಿ ಹಾವೇರಿ ಮುಂದಿದೆ, ಅದು ಗಂಟು ಕಟ್ಟುವ ಬೆಳೆಯಲ್ಲ, ಭೂಮಿಯಿಂದ ತೆಗೆದುಕೊಳ್ಳುವ ಬೆಳೆ. ಅದರ ನಡುವೆ ಇಲ್ಲವೇ ಅದರ ಮರುವರ್ಷ ಹಾಕುವ ಅಲಸಂದಿ, ಹೆಸರು, ಸೋಯಾಗಳ ಗಂಟು ಕೆಂಪಾಗಿರಬೇಕಾದ ಜರೂರು ಅದರಿಂದ ಇನ್ನೂ ಹೆಚ್ಚಿದೆ.

ನಿಮ್ಮ ನಾಲ್ಕು ತಾಲ್ಲೂಕುಗಳ ನೆಲ ಒಂದೇ ತರಹದ್ದಲ್ಲ. ಕೃಷಿ ಲೆಕ್ಕದಲ್ಲಿ ಹಾನಗಲ್ಲ ಗುಡ್ಡಗಾಡು ವಲಯಕ್ಕೆ ಸೇರುತ್ತದೆ, ಉಳಿದ ಮೂರು ಉತ್ತರ ಪರಿವರ್ತನಾ ವಲಯಕ್ಕೆ. ಹಾನಗಲ್ಲಿನಿಂದ ಪಡುವಣಕ್ಕೆ ಹೋದಷ್ಟೂ ಮಳೆ ಹೆಚ್ಚು, ಗದ್ದೆ ಹೆಚ್ಚು, ಮಣ್ಣು ಕೆಂಪು. ಸವಣೂರಿನಿಂದ ಮೂಡಣಕ್ಕೆ ಸರಿದಷ್ಟೂ ಎರೆ ಭೂಮಿ ಕೂಡಿಕೊಳ್ಳುತ್ತದೆ. ಶಿಗ್ಗಾಂವ, ಹಿರೇಕೆರೂರುಗಳಲ್ಲಿ ಒಂದೇ ಊರಿನ ಎರಡು ಹೊಲಗಳಲ್ಲಿ ಮಸಾರಿಯೂ ಎರೆಯೂ ಸಿಗಬಹುದು. ಲೋಹಗಳ ಮಟ್ಟಿಗೆ ಈ ವ್ಯತ್ಯಾಸ ದೊಡ್ಡದು.

ಹೆಚ್ಚು ಮಳೆ ಬೀಳುವ ಕೆಂಪು ನೆಲದಲ್ಲಿ ಸುಣ್ಣ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಕೆಂಪು ಬಣ್ಣವೆಂದರೆ ಕಬ್ಬಿಣದ ತುಕ್ಕು. ಹುಳಿ ಮಣ್ಣಿನಲ್ಲಿ ಆ ತುಕ್ಕು ಮಾಲಿಬ್ಡಿನಮ್ಮನ್ನು ಗಟ್ಟಿಯಾಗಿ ಅಪ್ಪಿಕೊಂಡು ಬೇರಿಗೆ ಬಿಡುವುದಿಲ್ಲ. ಲೋಹ ಮಣ್ಣಿನಲ್ಲಿ ಇದ್ದೂ ಬೆಳೆಗೆ ಇಲ್ಲ. ಆ ಮಣ್ಣಿಗೆ ಸುಣ್ಣ ಬಿದ್ದು ಹುಳಿ ಇಳಿದರೆ ತುಕ್ಕು ಹಿಡಿ ಸಡಿಲಿಸುತ್ತದೆ, ಇದ್ದ ಮಾಲಿಬ್ಡಿನಮ್ಮೇ ಕರಗಿ ಬೇರಿಗೆ ದಕ್ಕುತ್ತದೆ. ಆಂಡರ್ಸನ್ನರ ಬೂದಿ ಎರಡು ಕೆಲಸವನ್ನೂ ಒಟ್ಟಿಗೆ ಮಾಡಬಲ್ಲದು. ಅದರಲ್ಲಿ ಲೋಹವೂ ಇದೆ, ಹುಳಿ ಮುರಿಯುವ ಗುಣವೂ ಇದೆ.

ಎರೆ ಭೂಮಿಯ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಸುಣ್ಣದ ಹರಳು ಮೊದಲೇ ಇರುತ್ತವೆ, ಮಣ್ಣು ಕ್ಷಾರದ ಕಡೆ ವಾಲಿರುತ್ತದೆ. ಮಾಲಿಬ್ಡಿನಮ್ಮಿಗೆ ಅಲ್ಲಿ ತೊಂದರೆ ಕಡಿಮೆ. ಕಷ್ಟಕ್ಕೆ ಬರುವುದು ಕಬ್ಬಿಣ. ಶೇಂಗಾದ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುವುದನ್ನು ನೀವೆಲ್ಲ ಕಂಡಿದ್ದೀರಿ. ಅದು ಕಬ್ಬಿಣದ ಹಸಿವು. ಎಲೆಯಲ್ಲಿ ಕಾಣುವ ಮೊದಲೇ ಆ ಹಸಿವು ಗಂಟಿಗೆ ತಟ್ಟಿರುತ್ತದೆ. ಥಾಯ್ಲೆಂಡಿನ ಸುಣ್ಣದ ಕಪ್ಪು ಮಣ್ಣಿನಲ್ಲಿ ಶೇಂಗಾ ಬೆಳೆದು ನೋಡಿದ ವಿಜ್ಞಾನಿಗಳು 1988ರಲ್ಲಿ ಇದನ್ನು ಪ್ರಕಟಿಸಿದರು. ಕಬ್ಬಿಣದ ಕೊರತೆ ಗಿಡದ ಬೆಳವಣಿಗೆಗಿಂತ ಮೊದಲು ಗಂಟು ಬೆಳೆಯುವುದನ್ನು ತಡೆಯುತ್ತದೆ, ಎಲೆಗೆ ಕಬ್ಬಿಣ ಸಿಂಪಡಿಸಿದಾಗ ಬೇರಿನ ಗಂಟು ಚೇತರಿಸಿಕೊಳ್ಳುತ್ತವೆ. ನಮ್ಮಲ್ಲಿ ಹಳದಿ ಶೇಂಗಾಕ್ಕೆ ಅನ್ನಭೇದಿ ಸಿಂಪಡಿಸುವ ವಾಡಿಕೆ ಮೊದಲಿನಿಂದಲೂ ಇದೆ, ಕರಗಿಸುವಾಗ ಸ್ವಲ್ಪ ನಿಂಬೆಹುಳಿಯ ಸತ್ವ ಕೂಡಿಸುತ್ತಾರೆ. ಅನ್ನಭೇದಿ ಎಂದರೆ ಕಬ್ಬಿಣದ ಲವಣ. ಎಲೆಯ ಹಸಿರಿಗಾಗಿ ಹೊಡೆದದ್ದು ಬೇರಿನ ಕೆಂಪಿಗೂ ಮುಟ್ಟುತ್ತದೆ.

ಸವಣೂರಿನ ಎಲೆ ಹಾಕಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲೆಗೆ ಸುಣ್ಣ ಕಡಿಮೆಯಾದರೆ ಬಾಯಿ ಕೆಂಪಾಗದು, ಹೆಚ್ಚಾದರೆ ನಾಲಿಗೆ ಸುಟ್ಟೀತು. ಹೊಲಕ್ಕೆ ಸುಣ್ಣವೂ ಹಾಗೆಯೇ. ಹುಳಿ ನೆಲಕ್ಕೆ ಅದು ಔಷಧ, ಕ್ಷಾರದ ಎರೆಗೆ ಅದೇ ಕೇಡು. ಪಕ್ಕದ ಊರಿನವರು ಹಾಕಿದರು ಎಂದು ಹಾಕಿದರೆ ಆಗದು.

ಇನ್ನು ಮೂರು ಲೋಹಗಳನ್ನು ಬೇಗ ಹೇಳಿ ಮುಂದಕ್ಕೆ ಹೋಗಬಹುದು. ಕೋಬಾಲ್ಟು: ಆಕಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದರಿಂದ ಬಿ-12 ಜಾತಿಯ ಜೀವಸತ್ವ ತಯಾರಿಸುತ್ತವೆ, ಗಂಟೊಳಗಿನ ರೈಜೋಬಿಯಂಗೂ ಅದೇ ಬೇಕು. ಗಾಳಿಯ ಸಾರಜನಕ ನಂಬಿದ ಸೋಯಾ ಕೋಬಾಲ್ಟಿಲ್ಲದೆ ಬೆಳೆಯದು ಎಂದು ಅಹಮದ್ ಮತ್ತು ಇವಾನ್ಸ್ ಅಮೆರಿಕದ ಒರೆಗಾನ್‌ನಲ್ಲಿ 1960ರ ಆಸುಪಾಸಿನಲ್ಲಿ ತೋರಿಸಿದರು. ನಿಕ್ಕಲ್ಲು: ಸಾರಜನಕ ಬಿಡಿಸುವಾಗ ವ್ಯರ್ಥವಾಗಿ ಹೊರಬೀಳುವ ಜಲಜನಕವನ್ನು ಮರಳಿ ಹಿಡಿಯುವ ಕಿಣ್ವಕ್ಕೆ ಬೇಕು. ಅದಕ್ಕಿಂತ ಹತ್ತಿರದ ಮಾತೆಂದರೆ ನೀವು ಚೆಲ್ಲುವ ಯೂರಿಯಾ ಮಣ್ಣಿನಲ್ಲಿ ಒಡೆದು ಅಮೋನಿಯಾ ಆಗುವುದೂ ನಿಕ್ಕಲ್ಲಿರುವ ಕಿಣ್ವದಿಂದಲೇ. ಅದು ಗೊತ್ತಾದದ್ದು 1975ರಲ್ಲಿ. ತಾಮ್ರ: ಆಮ್ಲಜನಕ ತೀರ ಕಡಿಮೆಯಿರುವ ಗಂಟಿನೊಳಗೆ ರೈಜೋಬಿಯಂ ಉಸಿರಾಡಲು ಬಳಸುವ ಕಿಣ್ವದಲ್ಲಿ ಕಬ್ಬಿಣದ ಜೊತೆ ಅದೂ ಇದೆ.

ಹಾನಗಲ್ಲಿನ ಗದ್ದೆಯವರು ಇದು ತಮ್ಮ ಮಾತಲ್ಲವೆಂದು ತಿಳಿಯಬಾರದು. ನಿಂತ ನೀರಿನ ಮೇಲೆ ಹಸಿರು-ನೀಲಿ ಪಾಚಿ ಕಟ್ಟುತ್ತದಲ್ಲ, ಅದೂ ಗಾಳಿಯ ಸಾರಜನಕ ಹಿಡಿಯುತ್ತದೆ. ಭತ್ತದ ಗದ್ದೆಯ ಫಲವತ್ತಿಗೆ ಅದು ಕಾರಣವೆಂದು 1939ರಲ್ಲಿ ಬಂಗಾಳದ ಪಿ. ಕೆ. ಡೇ ತೋರಿಸಿದರು. ಅದರೊಳಗಿರುವ ಇಕ್ಕಳವೂ ಕಬ್ಬಿಣ-ಮಾಲಿಬ್ಡಿನಮ್ಮಿನದೇ.

ಈಗ ಕಾರ್ಡಿನ ಮಾತು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡು ನಿಮ್ಮಲ್ಲಿ ಅನೇಕರ ಮನೆಯಲ್ಲಿ ಇರಬಹುದು. ಅದರಲ್ಲಿ ಹನ್ನೆರಡು ಸಾಲುಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಮಾಲಿಬ್ಡಿನಮ್ಮಿನ ಸಾಲು ಇಲ್ಲ. ಗಾಳಿಯಿಂದ ಅನ್ನ ತೆಗೆಯುವ ಕಿಣ್ವಕ್ಕೆ ಬೇಕೇ ಬೇಕಾದ ಲೋಹ ಮಣ್ಣಿನ ಜಾತಕದಲ್ಲಿಲ್ಲ. ಇದಕ್ಕೊಂದು ಪ್ರಯೋಗಾಲಯದ ಕಾರಣವಿದೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ನಾಲ್ಕನ್ನೂ ಒಂದೇ ದ್ರಾವಣದಲ್ಲಿ ಎಳೆದು ಅಳೆಯಬಹುದು. ಮಾಲಿಬ್ಡಿನಮ್ಮಿಗೆ ಬೇರೆ ದ್ರಾವಣ ಬೇಕು, ಮಣ್ಣಿನಲ್ಲಿ ಅದು ಇರುವುದೇ ಕಣದಷ್ಟಾದ್ದರಿಂದ ಅಳೆಯುವುದೂ ನಾಜೂಕು. ಕಾರಣ ಏನೇ ಇರಲಿ, ಕಾಳುಬೆಳೆ ಬೆಳೆಯುವ ಜಿಲ್ಲೆಯಲ್ಲಿ, ಅದರಲ್ಲೂ ಹುಳಿ ಮಣ್ಣಿರುವ ಹಳ್ಳಿಗಳಲ್ಲಿ, ಆ ಹದಿಮೂರನೆಯ ಸಾಲು ಬೇಕು. ಸಾಧ್ಯವಾಗದ ಮಾತೇನಲ್ಲ. 2009ರಲ್ಲಿ ಭೂಚೇತನ ಯೋಜನೆ ಮೊದಲ ವರ್ಷವೇ ಕೈಗೆತ್ತಿಕೊಂಡ ಆರು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ರೈತರ ಹೊಲದ ಮಣ್ಣನ್ನೇ ಪರೀಕ್ಷಿಸಿ ಸತು, ಬೋರಾನ್, ಗಂಧಕದ ಕೊರತೆ ಎಷ್ಟು ಹರಡಿದೆ ಎಂದು ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ ಮೇಲೆ ಜಿಂಕ್ ಸಲ್ಫೇಟು, ಬೋರಾಕ್ಸು, ಜಿಪ್ಸಂ ರೈತ ಸಂಪರ್ಕ ಕೇಂದ್ರಗಳಿಗೆ ಬಂದವು. ಒಮ್ಮೆ ಅಳೆದರೆ ದಾರಿ ತೆರೆಯುತ್ತದೆ ಎಂಬುದಕ್ಕೆ ನಿಮ್ಮ ಜಿಲ್ಲೆಯೇ ಸಾಕ್ಷಿ.

ಜಿಪ್ಸಂ ಮಾತು ಬಂತು. ಶೇಂಗಾಕ್ಕೆ ಅದು ಒಳ್ಳೆಯದೇ, ಕಾಯಿ ತುಂಬಲು ಸುಣ್ಣದಂಶ, ಎಣ್ಣೆಗೆ ಗಂಧಕ ಎರಡೂ ಅದರಲ್ಲಿವೆ. ಆದರೆ ಹುಳಿ ಮಣ್ಣಿನಲ್ಲಿ ಒಂದು ಎಚ್ಚರ. ಸಲ್ಫೇಟೂ ಮಾಲಿಬ್ಡಿನಮ್ಮೂ ಬೇರಿನೊಳಗೆ ಹೋಗಲು ಒಂದೇ ಬಾಗಿಲಿಗೆ ಬರುತ್ತವೆ. ಆಫ್ರಿಕಾದ ನೈಜರ್ ದೇಶದ ಹುಳಿ ಮರಳು ಮಣ್ಣಿನಲ್ಲಿ ಶೇಂಗಾಕ್ಕೆ ಸೂಪರ್ ಫಾಸ್ಫೇಟ್ ಹಾಕಿದಾಗ ಅದರೊಳಗಿನ ಸಲ್ಫೇಟಿನಿಂದ ಗಿಡಕ್ಕೆ ಮಾಲಿಬ್ಡಿನಂ ಸೇರುವುದು ಕುಗ್ಗಿ, ರಂಜಕದಿಂದ ಬರಬೇಕಾದ ಇಳುವರಿ ಬರಲಿಲ್ಲವೆಂದು 1993ರಲ್ಲಿ ವರದಿಯಾಯಿತು. ಜಿಪ್ಸಂ ಬಿಡಿ ಎಂದು ಇದರ ಅರ್ಥವಲ್ಲ. ಹುಳಿ ನೆಲದಲ್ಲಿ ಜಿಪ್ಸಂ ಹಾಕಿಯೂ ಶೇಂಗಾ ಮಂಕಾಗಿದ್ದರೆ ಗಂಟು ಸೀಳಿ ನೋಡಲು ಇನ್ನೊಂದು ಕಾರಣವಾಯಿತು.

ಬ್ರೆಜಿಲ್ ಇದನ್ನೆಲ್ಲ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದೆ. ಅಲ್ಲಿಯ ಸೆರಾದೊ ಎಂಬ ಹುಳಿ ಕೆಂಪು ಬಯಲಿನಲ್ಲಿ ಸೋಯಾ ಹೆಚ್ಚುಕಡಿಮೆ ಯೂರಿಯಾ ಇಲ್ಲದೆಯೇ ಬೆಳೆಯುತ್ತದೆ. ಜೊಹಾನಾ ಡೋಬರೈನರ್ ಎಂಬ ಮಹಿಳಾ ವಿಜ್ಞಾನಿ, ಗೊಬ್ಬರದ ಚೀಲದ ಬದಲು ಗಂಟಿನ ಮೇಲೆ ಭಾರ ಹಾಕಬೇಕೆಂದು ದಶಕಗಳ ಕಾಲ ಹಟ ಹಿಡಿದು ಕೆಲಸ ಮಾಡಿದರು. ಅಲ್ಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಎಂಬ್ರಾಪ ಹೇಳುವ ಪ್ರಮಾಣ ಹೆಕ್ಟೇರಿಗೆ 12ರಿಂದ 25 ಗ್ರಾಂ ಮಾಲಿಬ್ಡಿನಂ, 2ರಿಂದ 3 ಗ್ರಾಂ ಕೋಬಾಲ್ಟ್. ಎರಡೂವರೆ ಎಕರೆಗೆ ಹಿಡಿ ಸಕ್ಕರೆಗಿಂತ ಕಡಿಮೆ. ಅಲ್ಲಿಯವರು ಇನ್ನೊಂದು ದಾರಿಯನ್ನೂ ಹಿಡಿದಿದ್ದಾರೆ. ಬೀಜಕ್ಕೆಂದು ಬೆಳೆಸುವ ಸೋಯಾಕ್ಕೇ ಮಾಲಿಬ್ಡಿನಂ ಸಿಂಪಡಿಸಿ, ಕಾಳಿನೊಳಗೇ ಅದನ್ನು ತುಂಬಿ, ಮುಂದಿನ ಬೆಳೆಗೆ ಬುತ್ತಿ ಕಟ್ಟಿ ಕಳಿಸುವುದು. ಬೀಜೋತ್ಪಾದನೆ ಬಲ್ಲ ಹಿರೇಕೆರೂರಿನ ಕಡೆಯವರಿಗೆ ಇದು ಯೋಚಿಸತಕ್ಕ ಸಂಗತಿ.

ನಿಮ್ಮಿಂದ ಈ ಪತ್ರ ಕೇಳುವುದು ಇಷ್ಟು. ಈ ಮುಂಗಾರಿನಲ್ಲಿ ಕಸ ತೆಗೆಯಲು ಕೂತಾಗ, ಹೊಲದ ನಾಲ್ಕು ಮೂಲೆ ಮತ್ತು ನಡುವಿನಿಂದ ಒಂದೊಂದು ಗಿಡವನ್ನು ಮಣ್ಣು ಸಮೇತ ಮೆಲ್ಲಗೆ ಎಬ್ಬಿಸಿ. ಜಗ್ಗಿ ಕಿತ್ತರೆ ಗಂಟು ಮಣ್ಣಿನಲ್ಲೇ ಉಳಿಯುತ್ತವೆ. ನೀರಿನಲ್ಲಿ ಅದ್ದಿ, ದಪ್ಪ ಗಂಟು ಆರಿಸಿ, ಸೀಳಿ. ಎಲ್ಲದರೊಳಗೂ ಕೆಂಪಿದ್ದರೆ ಮೇಲುಗೊಬ್ಬರದ ಯೂರಿಯಾ ದುಡ್ಡು ಮನೆಯಲ್ಲೇ ಇರಲಿ ಎಂದು ಯಜಮಾನರಿಗೆ ಹೇಳುವ ಹಕ್ಕು ನಿಮಗೆ ಬಂತು. ಗಂಟೇ ಇಲ್ಲದಿದ್ದರೆ ಆ ಮಣ್ಣಿನಲ್ಲಿ ಸರಿಯಾದ ರೈಜೋಬಿಯಂ ಇಲ್ಲದಿರಬಹುದು, ಮುಂದಿನ ಸಲ ಬೆಲ್ಲದ ನೀರಿನಲ್ಲಿ ಅದರ ಪಾಕೀಟಿನ ಪುಡಿ ಕಲಸಿ ಬೀಜಕ್ಕೆ ಸವರಿ ನೆರಳಲ್ಲಿ ಆರಿಸಿ ಬಿತ್ತಬೇಕು. ಗಂಟು ಬಹಳ ಇದ್ದು, ಎಲ್ಲ ಸಣ್ಣವಾಗಿ, ಒಳಗೆ ಮಂಕಾಗಿದ್ದು, ಗಿಡದ ಹಳೆಯ ಎಲೆ ಮೊದಲು ಹಳದಿಯಾಗಿದ್ದರೆ, ಅದರ ಜೊತೆ ಕಾರ್ಡಿನಲ್ಲಿ ರಸಸಾರ 6ಕ್ಕಿಂತ ಕೆಳಗಿದ್ದರೆ, ಮಾಲಿಬ್ಡಿನಮ್ಮಿನ ಮೇಲೆ ಅನುಮಾನ ಪಡಬೇಕು. ಹೊಸ ಎಲೆ ಮೊದಲು ಹಳದಿಯಾಗಿ ರಸಸಾರ 8ರ ಹತ್ತಿರವಿದ್ದರೆ ಅನುಮಾನ ಕಬ್ಬಿಣದ ಮೇಲೆ. ನೀರು ನಿಂತರೂ, ಬರ ಬಿದ್ದರೂ ಗಂಟು ಬಿಳುಚುತ್ತದೆ. ಅದನ್ನು ನೋಡಿದವರು ನೀವೇ ಆದ್ದರಿಂದ ಬಿಡಿಸಿ ಹೇಳಬಲ್ಲವರೂ ನೀವೇ.

ಮಾಲಿಬ್ಡಿನಮ್ಮಿನ ಅನುಮಾನ ಬಂದ ಹುಳಿ ನೆಲದಲ್ಲಿ, ಮುಂದಿನ ಬಿತ್ತನೆಗೆ, ಇಡೀ ಹೊಲಕ್ಕೆ ಏನನ್ನೂ ಸುರಿಯುವುದು ಬೇಡ. ಐದು ಸಾಲಿಗೆ ಬೂದಿ, ಐದು ಸಾಲಿಗೆ ಸುಣ್ಣ, ಐದು ಸಾಲಿಗೆ ಮಾಲಿಬ್ಡಿನಂ ಉಪಚರಿಸಿದ ಬೀಜ, ಐದು ಸಾಲು ಸುಮ್ಮನೆ. ಬದುವಿನಲ್ಲಿ ಗೂಟ ನೆಟ್ಟು ಗುರುತು ಇಟ್ಟರೆ ನಲವತ್ತನೆಯ ದಿನಕ್ಕೆ ಮಣ್ಣೇ ಉತ್ತರ ಕೊಡುತ್ತದೆ. ಮಾಲಿಬ್ಡಿನಮ್ಮಿನ ಅಳತೆಯನ್ನು ಅಂಗಡಿಯ ಮಾತಿನ ಮೇಲೆ ನಿರ್ಧರಿಸಬಾರದು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವಿದೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯವಿದೆ, ಕೇಳಿ ಬರೆಸಿಕೊಂಡು ಬರಬೇಕು. ಲವಣವನ್ನು ನೇರವಾಗಿ ರೈಜೋಬಿಯಂ ಪುಡಿಯ ಜೊತೆ ಕಲಸಿ ಇಟ್ಟರೆ ಸೂಕ್ಷ್ಮಜೀವಿಗಳು ಸಾಯಬಹುದು, ಅದನ್ನೂ ಕೇಳಿಕೊಳ್ಳಿ.

ಜೊತೆಗೆ ಕೊಟ್ಟಿಗೆಯ ನೆನಪಿರಲಿ. ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಕೆಲವು ಹುಲ್ಲುಗಾವಲುಗಳಲ್ಲಿ ಮೇಯ್ದ ಆಕಳುಗಳು ತಲೆಮಾರುಗಳಿಂದ ಉಚ್ಚಿಕೊಂಡು ಸೊರಗುತ್ತಿದ್ದವು. ಹುಲ್ಲಿನಲ್ಲಿ ಮಾಲಿಬ್ಡಿನಂ ಹೆಚ್ಚಾದದ್ದೇ ಕಾರಣವೆಂದು 1938ರಲ್ಲಿ ಪತ್ತೆಯಾಯಿತು. ಅದು ದನದ ಮೈಯ ತಾಮ್ರವನ್ನು ಕಟ್ಟಿಹಾಕುತ್ತದೆ. ತಾಮ್ರದ ಲವಣವಾದ ಮೈಲುತುತ್ತದ ಅಳತೆಯ ಮದ್ದಿನಿಂದ ಆಕಳುಗಳು ಚೇತರಿಸಿಕೊಂಡವು. ಶೇಂಗಾ ಹೊಟ್ಟು, ಅಲಸಂದಿ ಬಳ್ಳಿ ನಿಮ್ಮ ಎಮ್ಮೆ ಆಕಳುಗಳ ಮೇವು. ಗ್ರಾಂ ಲೆಕ್ಕದ ಪದಾರ್ಥವನ್ನು ಕಿಲೋ ಲೆಕ್ಕದಲ್ಲಿ ಸುರಿಯಬಾರದು, ಕ್ಷಾರದ ಎರೆಗಂತೂ ಅದನ್ನು ಮುಟ್ಟಿಸುವುದೇ ಬೇಡ.

ಕೊನೆಗೊಂದು ಬಿನ್ನಹ ಸ್ವಸಹಾಯ ಸಂಘಗಳ ಸಭೆಗೆ. ಕಸ ತೆಗೆದು ಬಂದ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಪಟ್ಟಿ ಬರೆಯಿರಿ. ಯಾರ ಹೊಲ, ಎರೆಯೋ ಮಸಾರಿಯೋ, ಯಾವ ಬೆಳೆ, ಎಷ್ಟು ಗಂಟು ಸೀಳಿದಿರಿ, ಎಷ್ಟರಲ್ಲಿ ಕೆಂಪಿತ್ತು. ಕಾರ್ಡಿನ ರಸಸಾರವನ್ನು ಅದರ ಪಕ್ಕಕ್ಕೆ ಇಳಿಸಿಕೊಳ್ಳಿ. ಒಂದು ಊರಿನ ಇಪ್ಪತ್ತು ಹೊಲಗಳ ಅಂಥ ಪಟ್ಟಿಯೊಂದನ್ನು ರೈತ ಸಂಪರ್ಕ ಕೇಂದ್ರದ ಮೇಜಿನ ಮೇಲಿಟ್ಟು, ಕೆಂಪಿಲ್ಲದ ಹೊಲಗಳ ಮಣ್ಣಿನಲ್ಲಿ ಮಾಲಿಬ್ಡಿನಂ ಎಷ್ಟಿದೆ ಅಳೆಸಿಕೊಡಿ ಎಂದು ಬರಹದಲ್ಲಿ ಕೇಳಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬನ್ನಿ.